ಪರದೆಯ ಮೇಲಿನ ಕರಡಿ

ಪಾಸ್‌ಪೋರ್ಟಿನ ಫೋಟೋದಲ್ಲಿ ನಗಬಾರದು ಎಂಬ ನಿಯಮ ಮಾಡಿದವರು ಯಾರೋ ನನಗೆ ಗೊತ್ತಿಲ್ಲ. ನಗಬೇಡ ಎಂದರೆ ಸಾಕು, ನನಗೆ ಎಲ್ಲಿಲ್ಲದ ನಗು ಬರುತ್ತದೆ. ಹತ್ತು ವರ್ಷಕ್ಕೊಮ್ಮೆ ಹೊಸದಾಗುವ ಆ ಪುಸ್ತಕದಲ್ಲಿ ನನ್ನ ಮುಖ ಪ್ರತಿ ಸಲವೂ ನಗು ನುಂಗಿಕೊಂಡು ಹೊಟ್ಟೆನೋವು ಬರಿಸಿಕೊಂಡವಳ ಹಾಗಿರುತ್ತದೆ. ಈ ಡಿಸೆಂಬರಿನಲ್ಲಿ ಮತ್ತೆ ಆ ಗಳಿಗೆ ಬಂತು. ಸಂಜೆ ಆಫೀಸಿನಿಂದ ಬಂದವಳೇ ನಮ್ಮ ಬಿಲ್ಡಿಂಗಿನ ಕೆಳಗಿರುವ ಫೋಟೋ ಅಂಗಡಿಗೆ ಹೊರಟೆ. ಚಪ್ಪಲಿ ಮೆಟ್ಟಿಕೊಂಡು ಅಪ್ಪನೂ ಹೊರಟರು.

ಅಪ್ಪ ವಿಸಿಟ್ ವೀಸಾದಲ್ಲಿ ಎರಡು ತಿಂಗಳಿಗೆಂದು ದುಬೈಗೆ ಬಂದಿದ್ದರು. ಎಪ್ಪತ್ತೆಂಟು ವಯಸ್ಸು. ಈಗ ಮೈಸೂರಿನಲ್ಲಿ ನಮ್ಮಣ್ಣನ ಸಂಸಾರದ ಜೊತೆಗಿದ್ದಾರೆ, ಮೊಮ್ಮಕ್ಕಳ ಜೊತೆ ಕೇರಂ ಆಡಿ ಜಗಳವಾಡುತ್ತಾರೆ. ಅದಕ್ಕೂ ಮುಂಚೆ ಮೂವತ್ತೈದು ವರ್ಷ ಮದ್ದೂರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದವರು. ಹಾಗಾಗಿ ಬೇರೆಯವರ ಸ್ಟುಡಿಯೋ ಎಂದರೆ ಅವರಿಗೆ ಬೀಗರ ಮನೆಯ ಅಡುಗೆಮನೆ ಇದ್ದ ಹಾಗೆ, ಇಣುಕಿ ನೋಡದೆ ಬಿಡುವವರಲ್ಲ.

ಅಂಗಡಿಯಲ್ಲಿ ಇಣುಕುವುದಕ್ಕೆ ಏನೂ ಇರಲಿಲ್ಲ. ಒಂದು ಸ್ಟೂಲು, ಎರಡು ದೀಪ, ಹಿಂದೊಂದು ಬಿಳಿ ಹಾಳೆ. ಕೇರಳದ ಹುಡುಗ ನನ್ನನ್ನು ಕೂರಿಸಿ, ಗಲ್ಲ ಎತ್ತಿಸಿ, 'ಚೇಚಿ, ನೋ ಸ್ಮೈಲ್' ಎಂದ. ನನಗೆ ನಗು ಬಂತು, ಆತ ಕಾದ, ನಗು ಹೋಯಿತು, ಕ್ಲಿಕ್ ಎಂದಿತು. ನಾಲ್ಕು ನಿಮಿಷದಲ್ಲಿ ಎಂಟು ಫೋಟೋ ಕೈಗೆ ಬಂತು. ಅಪ್ಪ ಒಂದನ್ನು ಇಸಿದುಕೊಂಡು ಕನ್ನಡಕದ ಕೆಳಗಿನಿಂದ, ಮೇಲಿನಿಂದ ನೋಡಿದರು.

"ಏನಮ್ಮ ಇದು, ಹಿಂದ್ಗಡೆ ಏನೂ ಇಲ್ವಲ್ಲ. ಒಂದು ಮರನಾದ್ರೂ ಬೇಡ್ವಾ?"

ಬಿಳಿಯೇ ಇರಬೇಕು, ಅದು ರೂಲು ಎಂದೆ. ಅಪ್ಪನಿಗೆ ಸಮಾಧಾನವಾಗಲಿಲ್ಲ. ಲಿಫ್ಟಿನಲ್ಲಿ ನಾಲ್ಕನೇ ಮಹಡಿ ಬರುವವರೆಗೂ ಯೋಚಿಸಿ, ಹೀಗಾದರೆ ಈ ಮನುಷ್ಯ ಎಲ್ಲಿದ್ದ ಅಂತಲೇ ಮುಂದಿನವರಿಗೆ ಗೊತ್ತಾಗುವುದಿಲ್ಲವಲ್ಲ ಎಂದರು. ನಾನು ಮನಸ್ಸಿನಲ್ಲೇ ನಕ್ಕೆ. ನಾವಿರುವುದು ಇಂಟರ್‌ನ್ಯಾಷನಲ್ ಸಿಟಿಯಲ್ಲಿ. ಇಲ್ಲಿ ಕಟ್ಟಡಗಳ ಗುಂಪಿಗೆ ಒಂದೊಂದು ದೇಶದ ಹೆಸರು. ನಮ್ಮ ಮನೆ ರಷ್ಯಾದಲ್ಲಿ, ತರಕಾರಿ ತರುವುದು ಇಂಗ್ಲೆಂಡಿನಲ್ಲಿ, ಮಗಳ ಡ್ಯಾನ್ಸ್ ಕ್ಲಾಸು ಪರ್ಷಿಯಾದಲ್ಲಿ. ಎಲ್ಲಿದ್ದೇನೆ ಎಂದು ನಾನೇ ನಿಂತು ಯೋಚಿಸಬೇಕು, ಇನ್ನು ಫೋಟೋ ಏನು ಹೇಳೀತು?

ಆದರೆ ಅಪ್ಪನ ಮಾತು ನನ್ನನ್ನು ಅಲ್ಲಿಗೆ ಬಿಡಲಿಲ್ಲ. ರಾತ್ರಿ ಚಪಾತಿ ಲಟ್ಟಿಸುವಾಗಲೂ ನನ್ನ ಕಣ್ಣ ಮುಂದೆ ಮದ್ದೂರಿನ ಸ್ಟುಡಿಯೋದ ಪರದೆಯೇ ಇಳಿಬಿದ್ದಿತ್ತು.

ಆ ಪರದೆಯನ್ನು ನೀವು ನೋಡಬೇಕಿತ್ತು. ಗೋಡೆಯಿಂದ ಗೋಡೆಗೆ, ಸೂರಿನಿಂದ ನೆಲದವರೆಗೆ ಇಳಿಬಿಟ್ಟ ದಪ್ಪ ಕೋರಾ ಬಟ್ಟೆ. ಅದರ ತುಂಬ ಅಪ್ಪ ತಾವೇ ಬಣ್ಣದಲ್ಲಿ ಬರೆದ ಕಾಡು. ಹಿಂದೆ ಹಿಮದ ಬೆಟ್ಟ, ಬೆಟ್ಟದ ಸಂದಿನಿಂದ ಬೀಳುವ ಜಲಪಾತ, ನಡುವೆ ನಿಶ್ಚಲವಾದ ಒಂದು ಕೊಳ. ಬಲದಂಡೆಯಲ್ಲಿ ಪೊರಕೆಗಳನ್ನು ತಲೆಕೆಳಗಾಗಿ ನಿಲ್ಲಿಸಿದ ಹಾಗೆ ಪೈನ್ ಮರಗಳು. ಅವುಗಳ ಕೆಳಗೆ ನೀರಿಗೆ ಮೂತಿ ಇಟ್ಟ ಎರಡು ಜಿಂಕೆ, ಒಂದಕ್ಕೆ ಕವಲು ಕವಲಾದ ಕೊಂಬು. ಎಲ್ಲದರ ಮೇಲೆ ಸಂಜೆಗೆಂಪು. ಎಡಗಡೆ ಕೆಳಮೂಲೆಯಲ್ಲಿ ಒಂದು ಕರಡಿ ನಿಂತು ಸೀದಾ ನಿಮ್ಮನ್ನೇ ನೋಡುತ್ತಿತ್ತು.

ಮದ್ದೂರಿನ ಸುತ್ತ ಕಬ್ಬಿನ ಗದ್ದೆ, ಬಿಟ್ಟರೆ ತೆಂಗು. ಹಿಮ ಎಂದರೆ ನಮಗೆ ಐಸ್‌ಕ್ಯಾಂಡಿಯವನ ಡಬ್ಬದ ಒಳಗೋಡೆಗೆ ಅಂಟಿಕೊಂಡಿರುವುದು. ಹಾಗಾಗಿ ಬಂದವರೆಲ್ಲ ಇದು ಯಾವ ಊರು ಎಂದು ಕೇಳುತ್ತಿದ್ದರು. ಅಪ್ಪ ಮುಖ ನೋಡಿ ಉತ್ತರ ಹೇಳುತ್ತಿದ್ದರು. ಹೊಸದಾಗಿ ಮದುವೆಯಾದವರಿಗೆ ಕಾಶ್ಮೀರ. ವಯಸ್ಸಾದವರಿಗೆ ಕೈಲಾಸದ ತಪ್ಪಲು. ಒಬ್ಬ ಮುದುಕಮ್ಮ ಕೈಲಾಸ ಎಂದು ಕೇಳಿದವಳೇ ಸೆರಗು ಕೊರಳಿಗೆ ಸುತ್ತಿ ಪರದೆಗೆ ಅಡ್ಡಬಿದ್ದು, ಆಮೇಲೆ ಸ್ಟೂಲಿನ ಮೇಲೆ ಕೂತಳು. ಬರೆದವರು ಯಾರು ಎಂದು ಕೇಳಿದರೆ ಮಾತ್ರ ಅಪ್ಪನದು ಎಲ್ಲರಿಗೂ ಒಂದೇ ಉತ್ತರ. ನಾನೇ, ನನ್ನ ಮನಸ್ಸಿನಿಂದ ಬರೆದದ್ದು.

ಬೆಟ್ಟಕ್ಕೆ, ಕೊಳಕ್ಕೆ, ಜಿಂಕೆಗೆ ಯಾರದೂ ತಕರಾರಿರಲಿಲ್ಲ. ತಕರಾರು ಕರಡಿಯದೇ. ಮದುವಣಗಿತ್ತಿಯ ಪಕ್ಕ ಕರಡಿ ಯಾಕೆ ಎಂದು ಗಂಡಿನ ಕಡೆಯವರು ಮುಖ ಊದಿಸಿಕೊಳ್ಳುತ್ತಿದ್ದರು. ಸೀಮಂತದ ಫೋಟೋಗೆ ಬಂದ ಬಸುರಿಯರಂತೂ ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ, ಹುಟ್ಟುವ ಮಗುವಿಗೆ ಮೈತುಂಬ ಕೂದಲು ಬಂದರೆ ಯಾರು ಹೊಣೆ? ಹೀಗಾಗಿ ನಮ್ಮ ಸ್ಟುಡಿಯೋದಲ್ಲಿ 'ಕರಡಿ ಮುಚ್ಚುವುದು' ಎಂಬ ಒಂದು ವಿಶೇಷ ಕೆಲಸವೇ ಹುಟ್ಟಿಕೊಂಡಿತು. ಅದು ಅಮ್ಮನ ಜವಾಬ್ದಾರಿ. ಅಪ್ಪ ಕ್ಯಾಮೆರಾದ ಕರಿ ಬಟ್ಟೆಯೊಳಗೆ ತಲೆ ಹಾಕಿದ ಕೂಡಲೇ ಅಮ್ಮ ಪಕ್ಕದಲ್ಲಿ ನಿಂತು, ಬಂದವರಲ್ಲಿ ಉದ್ದನೆಯವರನ್ನು ಹುಡುಕಿ, ಒಂಚೂರು ಎಡಕ್ಕೆ ಬನ್ನಿ, ಇನ್ನೊಂಚೂರು ಎಡಕ್ಕೆ, ಹಾಂ ಅಲ್ಲೇ, ಎನ್ನುತ್ತಿದ್ದರು. ನಮ್ಮ ತಾಲ್ಲೂಕಿನ ಆ ಕಾಲದ ಮದುವೆ ಫೋಟೋಗಳನ್ನು ತೆಗೆದು ನೋಡಿ, ಎಡಗಡೆಯಲ್ಲಿ ಯಾರೋ ಒಬ್ಬ ಸೋದರಮಾವ ಕಾರಣವಿಲ್ಲದೆ ನಿಂತಿರುತ್ತಾನೆ.

ಇಷ್ಟೆಲ್ಲ ಯಾಕೆ, ಒಂದಿಷ್ಟು ಹಸಿರು ಬಣ್ಣ ಬಳಿದರೆ ಕರಡಿ ಹೋಗಿ ಪೊದೆಯಾಗುತ್ತದೆ ಎಂದು ಎಲ್ಲರೂ ಹೇಳಿದರು. ಅಮ್ಮ ಹೇಳಿದರು, ಪಕ್ಕದ ದರ್ಜಿ ಹೇಳಿದ, ಎದುರಿನ ಹೋಟೆಲಿನವರು ಹೇಳಿದರು. ಅಪ್ಪ ಎಲ್ಲರಿಗೂ ನೋಡೋಣ ಎಂದರು. ನೋಡೋಣ ಎಂದರೆ ಆಗುವುದಿಲ್ಲ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಕರಡಿ ಎಂದಾಗ ಇನ್ನೊಂದು ನೆನಪು ಬರುತ್ತದೆ, ಹೇಳಿಬಿಡುತ್ತೇನೆ. ನಾನು ತೀರ ಚಿಕ್ಕವಳಿದ್ದಾಗ ನಮ್ಮ ಬೀದಿಗೆ ವರ್ಷಕ್ಕೊಮ್ಮೆ ಕರಡಿ ಆಡಿಸುವವನು ಬರುತ್ತಿದ್ದ. ನಾನು ಬಹಳ ಹೆದರಿಕೆಯ ಮಗುವಂತೆ. ನಿದ್ದೆಯಲ್ಲಿ ಬೆಚ್ಚಿಬಿದ್ದು ಕಿರುಚುತ್ತಿದ್ದೆನಂತೆ. ಹಗಲಿನಲ್ಲಿ ಅಪ್ಪ ಕರಿ ಬಟ್ಟೆಯೊಳಗೆ ತಲೆ ಹಾಕಿದರೆ ಅಪ್ಪನ ತಲೆ ಹೋಯಿತು ಎಂದು ಬೀದಿಗೆ ಕೇಳುವ ಹಾಗೆ ಅಳುತ್ತಿದ್ದೆನಂತೆ. ಫೋಟೋದವನ ಮಗಳು ಕ್ಯಾಮೆರಾಕ್ಕೆ ಹೆದರುವುದೆಂದರೆ ಮರ್ಯಾದೆಯ ಪ್ರಶ್ನೆ. ಅಂಥ ಮಕ್ಕಳನ್ನು ಕರಡಿಯ ಬೆನ್ನ ಮೇಲೆ ಕೂರಿಸಿ ಮೂರು ಹೆಜ್ಜೆ ನಡೆಸಿದರೆ ಹೆದರಿಕೆ ಬಿಡುತ್ತದೆ ಎಂಬುದು ಆಗಿನ ಪದ್ಧತಿ. ಅಮ್ಮ ನನ್ನನ್ನು ಕೂರಿಸಿ, ಕರಡಿಯ ಕೂದಲು ಹಾಕಿದ ತಾಯಿತವನ್ನು ಕರಿ ದಾರದಲ್ಲಿ ಕಟ್ಟಿಸಿದ್ದರಂತೆ. ನನಗೆ ನೆನಪಿರುವುದು ಒದ್ದೆ ಕಂಬಳಿಯ ಹಾಗಿದ್ದ ಅದರ ವಾಸನೆ ಮಾತ್ರ. ನಾನು ಸ್ಕೂಲಿಗೆ ಸೇರುವ ಹೊತ್ತಿಗೆ ಆತ ಬರುವುದು ನಿಂತೇ ಹೋಗಿತ್ತು.

ಆ ಪರದೆಯ ಮುಂದೆ ತೆಗೆದ ಸಾವಿರಾರು ಫೋಟೋಗಳಲ್ಲಿ ಕರಡಿ ಪೂರ್ತಿ ಕಾಣುವುದು ಒಂದರಲ್ಲಿ ಮಾತ್ರ, ಅದು ನನ್ನದು. ನಾಲ್ಕು ವರ್ಷದವಳು, ಜರಿ ಲಂಗ, ಎರಡು ಜುಟ್ಟು. ನಿಂತಿರುವುದು ಎಡಗಡೆಯೇ, ಆದರೆ ಕರಡಿಯನ್ನು ಮುಚ್ಚುವಷ್ಟು ಎತ್ತರ ಎಲ್ಲಿಂದ ತರಲಿ? ಒಂದು ಕೈ ಹಿಂದೆ ಚಾಚಿ ಅದರ ಕಿವಿ ಹಿಡಿದುಕೊಂಡಂತಿದ್ದೇನೆ. ಅಳುತ್ತಿಲ್ಲ. ಆ ಫೋಟೋ ಈಗ ನಮ್ಮ ರಷ್ಯಾದ ಮನೆಯ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿದೆ.

ಇನ್ನು ನಾಚಿಕೆಯ ವಿಷಯಕ್ಕೆ ಬರುತ್ತೇನೆ. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಬಸ್ ಸ್ಟ್ಯಾಂಡಿನ ಬಳಿ ಹೊಸ ಸ್ಟುಡಿಯೋ ಬಂತು. ಅಲ್ಲಿ ತಾಜಮಹಲಿನ ಪರದೆ, ಕರಡಿ ಗಿರಡಿ ಏನೂ ಇಲ್ಲ. ಮದುವೆಯವರೆಲ್ಲ ಆ ಕಡೆ ಹೋದರು. ನನ್ನ ಗೆಳತಿಯರ ಮನೆಯ ಫೋಟೋಗಳೂ ಅಲ್ಲೇ. ಕ್ಲಾಸಿನಲ್ಲಿ ನನಗೆ 'ಕರಡಿ ಸ್ಟುಡಿಯೋ' ಎಂದು ಹೆಸರಾಯಿತು. ಆ ವಯಸ್ಸಿನಲ್ಲಿ ಅದಕ್ಕಿಂತ ದೊಡ್ಡ ಅವಮಾನ ಲೋಕದಲ್ಲಿ ಇಲ್ಲ.

ಒಂದು ಭಾನುವಾರ ಹಳೆಯ ನೆಗೆಟಿವ್ ಹುಡುಕುತ್ತ ಅಪ್ಪನ ಟ್ರಂಕಿಗೆ ಕೈ ಹಾಕಿದೆ. ತಳದಲ್ಲಿ ಒಂದು ಇಂಗ್ಲಿಷ್ ಕ್ಯಾಲೆಂಡರಿನ ಹಾಳೆ ಸಿಕ್ಕಿತು. ಅಪ್ಪನಿಗೆ ಪರಿಚಯವಿದ್ದ ಯಾರೋ ಎಂಜಿನಿಯರು ಕೊಟ್ಟದ್ದು, ಯಾವುದೋ ಪರದೇಶದ ಯಂತ್ರದ ಕಂಪನಿಯದು. ಬಿಚ್ಚಿದೆ. ಅದೇ ಬೆಟ್ಟ. ಅದೇ ಜಲಪಾತ, ಅದೇ ಕೊಳ, ಅದೇ ಕವಲು ಕೊಂಬಿನ ಜಿಂಕೆ. ಎಡಗಡೆ ಕೆಳಮೂಲೆಯನ್ನು ಇಲಿ ತಿಂದಿತ್ತು. ಅಲ್ಲಿ ಕರಡಿಯೂ ಇದ್ದೇ ಇರುತ್ತದೆ ಎಂದುಕೊಂಡೆ. ಚಿತ್ರ ಬರೆದವನು ಅಮೆರಿಕದವನು, ನೂರಕ್ಕೂ ಹೆಚ್ಚು ವರ್ಷ ಹಿಂದಿನವನು ಎಂದು ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು.

ಹೊರಗೆ ಒಂದು ಸಂಸಾರ ಫೋಟೋಗೆ ಕೂತಿತ್ತು, ಏಳೆಂಟು ಜನ. ಅಪ್ಪ ಎಂದಿನ ಹಾಗೆ ಮನಸ್ಸಿನಿಂದ ಬರೆದದ್ದು ಎಂದು ಹೇಳುತ್ತಿದ್ದರು. ನಾನು ಹಾಳೆ ಹಿಡಿದುಕೊಂಡು ಹೋಗಿ ಎಲ್ಲರ ಮುಂದೆ ನಿಂತೆ. ಸುಳ್ಳು, ಇದು ಕದ್ದ ಚಿತ್ರ, ನಮ್ಮಪ್ಪ ಕಳ್ಳ ಎಂದೆ. ಕೂಗಿದೆ ಎಂದರೇ ಸರಿ. ಕೂತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಮ್ಮ ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡರು. ಅಪ್ಪ ಕರಿ ಬಟ್ಟೆಯೊಳಗೆ ತಲೆ ಹಾಕಿ ಫೋಟೋ ತೆಗೆದರು.

ಮುಂದಿನ ವಾರ ನೋಡಿದರೆ ಪರದೆ ಇರಲಿಲ್ಲ. ಸುತ್ತಿ, ಹಗ್ಗ ಕಟ್ಟಿ, ಅಟ್ಟಕ್ಕೆ ಹಾಕಿದ್ದರು. ಅದರ ಜಾಗದಲ್ಲಿ ಮೈಸೂರಿನಿಂದ ತಂದ ನೀಲಿ ಬಟ್ಟೆ. ಹೊಸ ಸ್ಟುಡಿಯೋಗಳಲ್ಲಿ ಇರುವಂಥದ್ದೇ, ನೋಡಲು ಲಕ್ಷಣವಾಗಿತ್ತು. ನಾನು ಗೆದ್ದೆ ಎಂದುಕೊಂಡೆ. ಆಮೇಲೆ ಅಪ್ಪ ಕುಂಚ ಹಿಡಿದದ್ದನ್ನು ನಾನು ನೋಡಲಿಲ್ಲ. ಅಟ್ಟದ ಮೇಲಿದ್ದ ಪರದೆ ಒಂದು ಮಳೆಗಾಲದಲ್ಲಿ ಗೆದ್ದಲು ಹಿಡಿದು ಹೋಯಿತಂತೆ. ಆಗ ನಾನು ಹಾಸ್ಟೆಲಿನಲ್ಲಿದ್ದೆ. ಆ ಭಾನುವಾರದ ಮಾತನ್ನು ನಾವಿಬ್ಬರೂ ಮತ್ತೆ ಎತ್ತಲಿಲ್ಲ. ಮೂವತ್ತೆರಡು ವರ್ಷವಾಯಿತು. ಎತ್ತಲಿಲ್ಲ ಎಂದರೆ ಮರೆತೆ ಎಂದಲ್ಲ. ಬೆಳಿಗ್ಗೆ ಹಾಲು ತೆಗೆಯಲು ಫ್ರಿಜ್ಜಿನ ಮುಂದೆ ನಿಂತಾಗಲೆಲ್ಲ ಆ ಕರಡಿ ನನ್ನನ್ನೇ ನೋಡುತ್ತದೆ.

ಅಪ್ಪನ ಫೋಟೋ ಮಾತಾಗಿ ಒಂದು ವಾರ ಕಳೆದಿರಬಹುದು. ನನ್ನ ಮಗಳು ನಿಧಿಗೆ ಹನ್ನೆರಡು ವರ್ಷ. ಸ್ಕೂಲಿನಲ್ಲಿ ಆರ್ಟ್ ಟೀಚರು ಕಾಡಿನ ಚಿತ್ರಗಳ ಪಾಠ ಮಾಡಿದ್ದರು, ಅಮೆರಿಕದಿಂದ ತಂದ ಹಳೆಯ ಚಿತ್ರಗಳನ್ನು ಅಬುಧಾಬಿಯ ಮ್ಯೂಸಿಯಂ ಒಂದರಲ್ಲಿ ಇಟ್ಟಿದ್ದಾರೆ, ಆದವರು ಹೋಗಿ ನೋಡಿ ಎಂದಿದ್ದರು. ಹೋಂವರ್ಕಿಗೆ ಟ್ಯಾಬಿನಲ್ಲಿ ಚಿತ್ರಗಳನ್ನು ಸರಿಸುತ್ತಿದ್ದವಳು ಥಟ್ಟನೆ ಎದ್ದು ಫ್ರಿಜ್ಜಿನ ಹತ್ತಿರ ಹೋದಳು, ಫೋಟೋ ನೋಡಿದಳು, ಮತ್ತೆ ಟ್ಯಾಬ್ ನೋಡಿದಳು.

"ತಾತ, ದಿಸ್ ಈಸ್ ಯುವರ್ ಕರ್ಟನ್."

ಮೊಮ್ಮಗಳಿಗೂ ಅಪ್ಪ ಹೇಳಿದ್ದು ಅದೇ ಕಥೆ, ಮನಸ್ಸಿನಿಂದ ಬರೆದದ್ದು ಎಂದು. ಅಪ್ಪ ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ, ಇದನ್ನು ನಿಜವಾಗಿ ನೋಡಬಹುದಾ, ಎಷ್ಟು ದೂರ ಎಂದು ಕೇಳಿದರು. ಕಾರಿನಲ್ಲಿ ಒಂದೂವರೆ ಗಂಟೆ ಎಂದಳು ನಿಧಿ. ಹೋಗೋಣ ಎಂದರು. ನೋಡೋಣ ಎನ್ನಲಿಲ್ಲ, ಹೋಗೋಣ ಎಂದರು.

ನಾನು ತಪ್ಪಿಸಲು ಮಾಡದ ಪ್ರಯತ್ನವಿಲ್ಲ. ಮಂಡಿನೋವು ಎಂದೆ, ಜನಜಂಗುಳಿ ಎಂದೆ. ಬೇಕಾದರೆ ನಮ್ಮ ಆಫೀಸಿನ ಹತ್ತಿರವೇ ಕಾಡಿದೆ, ತೋರಿಸುತ್ತೇನೆ ಎಂದೆ. ಅದು ಸುಳ್ಳಲ್ಲ. ನಾನು ರಾಸ್ ಅಲ್ ಖೋರಿನ ಒಂದು ಗ್ಯಾರೇಜಿನಲ್ಲಿ ಫೋನೆತ್ತುವ ಕೆಲಸದವಳು. ಸುತ್ತಮುತ್ತ ಬರೀ ಕಾರು ಬಿಚ್ಚುವ ಶಬ್ದ, ಆದರೆ ಅಲ್ಲಿಂದ ಸ್ವಲ್ಪ ದೂರದ ಜೌಗಿನಲ್ಲಿ ಚಳಿಗಾಲದಲ್ಲಿ ಸಾವಿರಾರು ಗುಲಾಬಿ ಬಣ್ಣದ ಫ್ಲೆಮಿಂಗೋ ಹಕ್ಕಿಗಳು ಒಂಟಿಕಾಲಿನಲ್ಲಿ ನಿಂತಿರುತ್ತವೆ. ಹಿಂದೆ ಗಾಜಿನ ಗೋಪುರಗಳು. ಬಂದ ಹೊಸದರಲ್ಲೇ ಅಪ್ಪನಿಗೆ ತೋರಿಸಿದ್ದೆ. ಅಪ್ಪ ನೋಡಿ, ಹಕ್ಕಿ ಚೆನ್ನಾಗಿವೆ, ಪರದೆ ಸರಿಯಿಲ್ಲ ಎಂದಿದ್ದರು. ಈಗಲೂ ಹಾಗೇ ಎಂದು ನನ್ನ ಕಾಡನ್ನು ತಳ್ಳಿಹಾಕಿದರು.

ಶನಿವಾರ ಹೊರಟೆವು. ನಮ್ಮ ಯಜಮಾನರಿಗೆ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಫ್ಯಾಕ್ಟರಿಯಲ್ಲಿ ಕೆಲಸ, ಅವತ್ತು ರಜೆ ಸಿಕ್ಕಿತ್ತು, ಅವರೇ ಕಾರು ಓಡಿಸಿದರು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿ, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಮುಂದಿನ ಸೀಟಿನಲ್ಲಿ ಕೂತರು. ಎರಡೂ ಬದಿಗೆ ಮರಳು ಓಡುತ್ತಿತ್ತು. ನಮ್ಮ ವಾಚ್‌ಮನ್‌ನಿಂದ ಕಲಿತ ಹೊಸ ಮಾತೊಂದನ್ನು ಅಪ್ಪ ಆಗ ಎಲ್ಲದಕ್ಕೂ ಬಳಸುತ್ತಿದ್ದರು. ಥರ್ಮಾಸಿನ ಕಾಫಿ ಮುಗಿದರೆ ಖಲಾಸ್, ಊರಿನ ಕಟ್ಟಡಗಳು ಹಿಂದಾದರೆ ಖಲಾಸ್. ನಿಧಿ ಪ್ರತಿ ಸಲವೂ ನಗುತ್ತಿದ್ದಳು. ನಾನು ಮಾತ್ರ ಅವಳ ಪಕ್ಕದಲ್ಲಿ ಕೂತು ಲೆಕ್ಕ ಹಾಕುತ್ತಿದ್ದೆ, ಮೊಮ್ಮಗಳು ಅಲ್ಲಿ ನಿಂತು 'ತಾತ, ನೀವು ಕಾಪಿ ಮಾಡಿದ್ದಾ' ಎಂದು ಕೇಳಿದರೆ ಅಪ್ಪನ ಮುಖ ಹೇಗಾಗಬಹುದು ಎಂದು. ನಾನು ಒಂದು ಸಲ ಹೇಳಿದ್ದನ್ನು ಇವರು ಇನ್ನೊಂದು ಸಲ ಕೇಳಬಾರದು. ನನಗೆ ಬೇಕಿದ್ದದ್ದು ಅಷ್ಟೇ.

ಚಿತ್ರ ನಾನು ತಿಳಿದಿದ್ದಕ್ಕಿಂತ ದೊಡ್ಡದಿತ್ತು. ಒಂದು ಇಡೀ ಗೋಡೆ ಅದಕ್ಕೇ. ದೂರದಿಂದಲೇ ಬೆಟ್ಟ ಕಂಡು ನನ್ನ ಕಾಲು ನಿಧಾನವಾಯಿತು. ಮದ್ದೂರಿನ ಮಧ್ಯಾಹ್ನಗಳು, ಬಣ್ಣದ ಡಬ್ಬಗಳ ಟರ್ಪೆಂಟೈನ್ ವಾಸನೆ, ಸ್ಟುಡಿಯೋದ ತಂಪು ಸಿಮೆಂಟು ನೆಲ, 'ಇನ್ನೊಂಚೂರು ಎಡಕ್ಕೆ' ಎನ್ನುವ ಅಮ್ಮನ ದನಿ, ಎಲ್ಲ ಒಟ್ಟಿಗೆ ಬಂದುಬಿಟ್ಟವು. ಅಮ್ಮ ಹೋಗಿ ಏಳು ವರ್ಷವಾಯಿತು. ಅವರು ಈಗ ಇಲ್ಲಿರಬೇಕಿತ್ತು ಎನಿಸಿತು.

ಅಪ್ಪ ಸೀದಾ ಹತ್ತಿರ ಹೋಗಿ ಮೂಗು ತಾಗುವಷ್ಟು ಬಗ್ಗಿದರು. ಕಾವಲಿನ ಹುಡುಗಿ ಓಡಿಬಂದು, ಸರ್, ಸ್ವಲ್ಪ ಹಿಂದೆ ಎಂದಳು. ಅಪ್ಪ ಹಿಂದೆ ಬಂದು, ಬೆಳಕು ಎಡದಿಂದ ಕೊಟ್ಟಿದ್ದಾನೆ ನೋಡು, ಕ್ಯಾಲೆಂಡರಿನಲ್ಲಿ ಅಚ್ಚಿನವರು ಕೆಡಿಸಿಬಿಟ್ಟಿದ್ದರು ಎಂದರು. ಕ್ಯಾಲೆಂಡರು ಎಂದರು, ಅಷ್ಟು ಸಲೀಸಾಗಿ. ನಿಧಿ ಹುಬ್ಬೆತ್ತಿದಳು. ತಾತ, ಸೋ ಯೂ ಕಾಪೀಡ್ ಇಟ್ ಎಂದಳು. ಹೂಂ ಮತ್ತೆ ಎಂದರು ಅಪ್ಪ. ಭೂಮಿ ಬಿರಿಯಲಿಲ್ಲ, ಏನೂ ಆಗಲಿಲ್ಲ. ನಿಧಿ ಕೂಲ್ ಎಂದು ಹೇಳಿ ಪಕ್ಕದ ಬರಹ ಓದತೊಡಗಿದಳು.

ಓದಿದ್ದನ್ನೂ ಟೀಚರು ಹೇಳಿದ್ದನ್ನೂ ಸೇರಿಸಿ, ಅರ್ಧ ಇಂಗ್ಲಿಷಿನಲ್ಲಿ ತಾತನಿಗೆ ವಿವರಿಸಿದಳು. ಹತ್ತೊಂಬತ್ತನೇ ಶತಮಾನದ ಆ ಚಿತ್ರಕಾರರು ಬೆಟ್ಟಗುಡ್ಡ ಅಲೆದು ಸಣ್ಣ ಪುಸ್ತಕದಲ್ಲಿ ಗೀಚಿಕೊಂಡು ಬರುತ್ತಿದ್ದರಂತೆ. ಆಮೇಲೆ ಪಟ್ಟಣದ ಕೋಣೆಯಲ್ಲಿ ಕೂತು, ಒಂದು ಕಡೆಯ ಬೆಟ್ಟ, ಇನ್ನೊಂದು ಕಡೆಯ ಕೊಳ, ಮತ್ತೆಲ್ಲಿಯದೋ ಜಿಂಕೆ ಎಲ್ಲ ಸೇರಿಸಿ ದೊಡ್ಡದಾಗಿ ಬರೆಯುತ್ತಿದ್ದರಂತೆ. ಅಷ್ಟು ಹೊತ್ತಿಗೆ ರೈಲು ಬಂದು ಮರ ಕಡಿಯುವುದು ಶುರುವಾಗಿತ್ತು, ಆದರೂ ಚಿತ್ರದಲ್ಲಿ ಕೊಡಲಿಯ ಗುರುತೇ ಇಲ್ಲ. ಚಿತ್ರದ ಎರಡೂ ಕಡೆ ಪರದೆ ಕಟ್ಟಿ, ಟಿಕೆಟ್ ಇಟ್ಟು ತೋರಿಸುತ್ತಿದ್ದುದೂ ಉಂಟಂತೆ. ಜನ ಸಾಲು ನಿಂತು ನೋಡುತ್ತಿದ್ದರಂತೆ. ಈ ಬೆಟ್ಟ, ಈ ಕೊಳ ಒಟ್ಟಿಗೆ ಇರುವ ಜಾಗ ಭೂಮಿಯ ಮೇಲೆ ಎಲ್ಲೂ ಇಲ್ಲವಂತೆ.

"ಹಂಗಾದ್ರೆ ಅವನೂ ಸ್ಟುಡಿಯೋದವನೇ ಅನ್ನು" ಎಂದು ಅಪ್ಪ ನಕ್ಕರು. ಮುದುಕಮ್ಮನಿಗೆ ಕೈಲಾಸ ಎಂದು ಹೇಳಿದ ಪಾಪ ಅವತ್ತು ಕಳೆದಂತೆ ಕಾಣುತ್ತದೆ, ಅಷ್ಟು ಹಗುರಾದ ನಗು.

ನಾನು ಅಲ್ಲಿಯವರೆಗೂ ಚಿತ್ರದ ಎಡಮೂಲೆಯನ್ನು ನೋಡಿರಲಿಲ್ಲ. ಚಿಕ್ಕಂದಿನಿಂದ ಮುಚ್ಚಿ ಮುಚ್ಚಿ ಅಭ್ಯಾಸವಾದ ಮೂಲೆ, ಕಣ್ಣು ತಾನಾಗಿ ಹೋಗುವುದಿಲ್ಲ. ಆಗ ನೋಡಿದೆ. ಮುರಿದ ಮರದ ಒಂದು ಬೊಡ್ಡೆ, ಅದರ ಮೇಲೆ ಪಾಚಿ, ಪಕ್ಕದಲ್ಲಿ ಕಲ್ಲು. ಅಷ್ಟೇ.

"ಅಪ್ಪ, ಕರಡಿ ಎಲ್ಲಿ?"

ಅಪ್ಪ ನನ್ನನ್ನು ವಿಚಿತ್ರವಾಗಿ ನೋಡಿದರು. "ಇಲ್ಲೆಲ್ಲಿರುತ್ತೆ? ಅದು ನಿನ್ ಕರಡಿ ಅಲ್ವೇನಮ್ಮ."

ಅಲ್ಲಿದ್ದ ಬೆಂಚಿನ ಮೇಲೆ ಕೂತು ಅಪ್ಪ ಹೇಳಿದರು, ಯಾವುದೋ ನಿನ್ನೆಯ ವಿಷಯ ಹೇಳುವ ಹಾಗೆ. ಕರಡಿಯ ಮೇಲೆ ಕೂರಿಸಿದ ಮೇಲೆ ಕೆಲವು ತಿಂಗಳು ನಾನು ಸುಮ್ಮನೆ ಮಲಗುತ್ತಿದ್ದೆನಂತೆ. ನನಗೆ ಮೂರು ತುಂಬಿದ ವರ್ಷ ಕರಡಿಯವನು ಬರಲಿಲ್ಲ. ತಾಯಿತದ ದಾರವೂ ಸವೆದು ಬಿತ್ತು. ಮತ್ತೆ ಕಿರುಚುವುದು ಶುರುವಾಯಿತು. ಅದೇ ಹೊತ್ತಿಗೆ ಅಪ್ಪ ಕ್ಯಾಲೆಂಡರು ಇಟ್ಟುಕೊಂಡು ಪರದೆ ಬರೆಯುತ್ತಿದ್ದರು. ನಾನು ಬಣ್ಣದ ಡಬ್ಬಗಳ ನಡುವೆ ಕೂತು ಬೆಟ್ಟ ನೋಡಿ, ಮರ ನೋಡಿ, ಕರಡಿ ಎಲ್ಲಿ ಎಂದು ಕೇಳುತ್ತಿದ್ದೆನಂತೆ. ದಿನಾ ಅದೇ ಪ್ರಶ್ನೆ. ಕೊನೆಗೆ ಅಪ್ಪ ಬೊಡ್ಡೆಯನ್ನು ಬಿಟ್ಟು, ಅದರ ಜಾಗದಲ್ಲಿ ನಮ್ಮ ಬೀದಿಗೆ ಬರುತ್ತಿದ್ದ ಕರಡಿಯನ್ನೇ ಬರೆದರು. ಮೊದಲ ದಿನ ನಾನು ಅದರ ಕಿವಿ ಹಿಡಿದುಕೊಂಡು ನಿಂತೆ, ಕರಿ ಬಟ್ಟೆಗೆ ಅಳಲಿಲ್ಲ. ಅವತ್ತು ತೆಗೆದದ್ದೇ ಆ ಫೋಟೋ.

ನಿಧಿ ಫೋನಿನಲ್ಲಿದ್ದ ನನ್ನ ಫೋಟೋವನ್ನು ಹಿಗ್ಗಿಸಿ ನೋಡಿ, ಎದೆಯ ಮೇಲೆ ಬಿಳಿ ಗುರುತಿದೆ, ಅಮೆರಿಕದ ಕರಡಿಗೆ ಹೀಗಿರಲ್ಲ ಎಂದಳು. ಅಪ್ಪನಿಗೆ ಅಮೆರಿಕದ ಕರಡಿ ಹೇಗಿರುತ್ತದೆ ಎಂದು ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇರಲಿಲ್ಲ.

"ಅವನ ಕರಡಿಗೆ ಮೂಗಲ್ಲಿ ಹಗ್ಗ ಇತ್ತು" ಎಂದರು. "ನಾನು ಹಗ್ಗ ಬರೀಲಿಲ್ಲ."

ಮದುವೆಯವರು ಮುಖ ಊದಿಸಿಕೊಂಡದ್ದು, ಬಸುರಿಯರು ಬೆನ್ನು ತಿರುಗಿಸಿದ್ದು, ಗಿರಾಕಿಗಳು ತಾಜಮಹಲಿಗೆ ಓಡಿದ್ದು, ಎಲ್ಲರಿಗೂ ಅಪ್ಪ ನೋಡೋಣ ಎಂದದ್ದು, ಒಂದೊಂದೂ ಸರದಿಯಲ್ಲಿ ಬಂದು ನನ್ನ ಮುಂದೆ ನಿಂತವು. ಇಡೀ ಪರದೆಯಲ್ಲಿ ಅಪ್ಪ ಕದಿಯದೆ ಬರೆದದ್ದು ಒಂದೇ, ಅದು ನನಗೋಸ್ಕರ. ನಿಧಿಯೂ ಅವರಪ್ಪನೂ ಮುಂದಿನ ಚಿತ್ರದ ಕಡೆ ಹೋದ ಮೇಲೆ ನಾನು ಬಾಯಿ ಬಿಟ್ಟೆ. ಮೂವತ್ತೆರಡು ವರ್ಷದ ಮಾತು, ಗಂಟಲಿನಲ್ಲಿ ತುಕ್ಕು ಹಿಡಿದಿತ್ತು.

"ಅಪ್ಪ, ಅವತ್ತು ಅಷ್ಟು ಜನರ ಮುಂದೆ ನಿಮ್ಮನ್ನ ಕಳ್ಳ ಅಂದುಬಿಟ್ಟೆ. ತಪ್ಪಾಯ್ತು."

"ಕದ್ದಿದ್ದು ನಿಜಾನೇ ಅಲ್ವಾ. ಬೆಟ್ಟ ಅವನದು, ಕೊಳ ಅವನದು."

"ಮತ್ತೆ ಪರದೆ ಯಾಕೆ ಸುತ್ತಿಟ್ಟುಬಿಟ್ರಿ?"

ಅಪ್ಪ ಮಂಡಿ ಉಜ್ಜಿಕೊಂಡರು. "ಬಟ್ಟೆಯೊಳಗೆ ನನ್ನ ತಲೆ ಕಾಣದಿದ್ರೆ ಕಿರುಚ್ಕೊಳ್ತಿದ್ದ ಮಗು ನೀನು. ಅವತ್ತು ಎಂಟು ಜನರ ಮುಂದೆ ನನಗೇ ಎದುರು ನಿಂತು ಮಾತಾಡ್ದೆ. ಸರಿ, ಇವಳಿಗಿನ್ನು ಹೆದರಿಕೆ ಇಲ್ಲ ಅಂದ್ಕೊಂಡೆ. ಕರಡಿ ಕೆಲಸ ಖಲಾಸ್."

ಇದು ನಿ‌ಜವೋ, ಆ ಕ್ಷಣಕ್ಕೆ ಹೊಳೆದದ್ದೋ ನನಗೆ ಗೊತ್ತಿಲ್ಲ. ಮದುವೆಯಾದವರಿಗೆ ಕಾಶ್ಮೀರ, ಮುದುಕರಿಗೆ ಕೈಲಾಸ ಎಂದವರು ನಮ್ಮಪ್ಪ. ಎದುರಿಗಿರುವವರ ಮುಖ ನೋಡಿ ಅವರಿಗೆ ಬೇಕಾದ ಊರು ಹೇಳುವುದು ಅವರ ಕಸುಬು. ನನ್ನ ಮುಖ ನೋಡಿ ನನಗೆ ಬೇಕಾದದ್ದನ್ನು ಹೇಳಿರಬಹುದು. ನಾನು ಮತ್ತೆ ಕೇಳಲಿಲ್ಲ.

ಹೊರಡುವ ಮುಂಚೆ ಒಂದು ಫೋಟೋ ತೆಗೆಯುತ್ತೇನೆ ಎಂದು ಅಪ್ಪ ನನ್ನ ಫೋನು ಇಸಿದುಕೊಂಡರು. ಕಾವಲಿನ ಹುಡುಗಿಯನ್ನು ಕೇಳಿದೆ, ಫ್ಲಾಶ್ ಬೇಡ, ಉಳಿದಂತೆ ತೆಗೆಯಿರಿ ಎಂದಳು. ನಾನು ಚಿತ್ರದ ಮುಂದೆ ನಿಂತೆ. ಯಾರೂ ಹೇಳದೆಯೇ ಒಂಚೂರು ಎಡಕ್ಕೆ ಸರಿದೆ, ಇನ್ನೊಂಚೂರು ಎಡಕ್ಕೆ, ಆ ಬೊಡ್ಡೆ ಪೂರ್ತಿ ಮುಚ್ಚುವವರೆಗೆ. ಅಪ್ಪ ಫೋನನ್ನು ಎರಡೂ ಕೈಯಲ್ಲಿ ಎದೆಯ ಮಟ್ಟಕ್ಕೆ ಹಿಡಿದು ತಲೆ ತಗ್ಗಿಸಿದರು. ಅವರ ಮುಖ ನನಗೆ ಕಾಣಲಿಲ್ಲ. ನನ್ನ ಕಣ್ಣು ತುಂಬಿ ಬಂದಿತ್ತು, ತುಟಿ ಬಿಗಿಹಿಡಿದು ನಿಂತಿದ್ದೆ. ಅಪ್ಪ ಸ್ವಲ್ಪ ಹೊತ್ತು ಕಾದರು, ಆಮೇಲೆ ತಲೆ ಎತ್ತಿದರು.

"ನಗಮ್ಮ" ಎಂದರು. "ಇದು ಪಾಸ್‌ಪೋರ್ಟಿಗಲ್ಲ."